ಲುಂಗಿಗೆ ಅಪ್ಪಣೆ

ಕಳೆದ ವಾರ ಸೌದಿಯ ದಮ್ಮಾಮ್‌ನ ಮಾಲೊಂದರಲ್ಲಿ, ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯ ಗಾಜಿನ ಹಿಂದೆ ಖಾಕಿ ಬಣ್ಣದ ಕಿಲ್ಟ್ ತೊಟ್ಟ ಗೊಂಬೆಯೊಂದು ನಿಂತಿತ್ತು. ಮೊಣಕಾಲಿನವರೆಗೆ ಬರುವ ನೆರಿಗೆಯ ಉಡುಪು, ಎರಡೂ ಬದಿಗೆ ದೊಡ್ಡ ಜೇಬು, ಸೊಂಟಕ್ಕೆ ಅಗಲವಾದ ಬೆಲ್ಟು, ಕಾಲಿಗೆ ದಪ್ಪ ಬೂಟು. ಪಕ್ಕದಲ್ಲಿ ಅದರ ಗುಣಗಾನದ ಫಲಕ: ಗಾಳಿಯಾಡುತ್ತದೆ, ತೊಡೆ ಉಜ್ಜುವುದಿಲ್ಲ, ಒದ್ದೆಯಾದರೆ ಬೇಗ ಒಣಗುತ್ತದೆ, ಹೆಜ್ಜೆಗೆ ಅಡ್ಡಿಯಿಲ್ಲ. ಜೊತೆಗಿದ್ದ ಗೆಳತಿ, "ಗಂಡಸರಿಗೆ ಎಂತ ಚಂದದ ಡ್ರೆಸ್ ಅಲ್ವಾ ಮಾರಾಯ್ತಿ" ಎಂದಳು. ನನಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಪಾಪ, ಅವಳಿಗೇನು ಗೊತ್ತು. ಖಮೀಸ್ ಮುಶೈತ್‌ನಲ್ಲಿ ನಾವು ಕಳೆದ ಆ ಒಂದು ಮಳೆಗಾಲದ ಸಿಟ್ಟು ಇನ್ನೂ ನನ್ನೊಳಗೆ ಹಾಗೆಯೇ ಕೂತಿದೆ ಎಂದು ಅವಳಿಗೆ ಹೇಗೆ ಹೇಳಲಿ?

ಆಗ ನಾನು ಖಮೀಸ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳು ಸಾನ್ವಿ ಏಳನೆಯ ಕ್ಲಾಸು. ಗಂಡ ಜಯಕರ್ ಅದಕ್ಕೆ ಮುಂಚೆ ಅಲ್ ಖರ್ಜ್‌ನಲ್ಲಿ ಹಾಲಿನ ಕಾರ್ಖಾನೆಯೊಂದರ ಮೆಕ್ಯಾನಿಕ್. ಅಲ್ಲಿ ಬಿಸಿ ಹಬೆಯ ಪೈಪು ಒಡೆದು ಎರಡೂ ತೊಡೆ, ಮೊಣಕಾಲಿನ ಚಿಪ್ಪಿನವರೆಗೆ, ಬೆಂದುಹೋಗಿತ್ತು. ಬೆನ್ನಿನ ಚರ್ಮ ತೆಗೆದು ಅಲ್ಲಿಗೆ ಹಚ್ಚಿದರು. ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ವಾಸದ ಪರವಾನಗಿ ಇಕಾಮಾ ಬದಲಾಯಿಸಿಕೊಂಡು ನಮ್ಮ ಹತ್ತಿರ ಖಮೀಸ್‌ಗೆ ಬಂದರು. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಕೆಲಸ ಸಿಕ್ಕಿತು. ಅಲ್ಲಿಯ ಸೌದಿ ಧಣಿ, ಕಫೀಲ್, ಒಳ್ಳೆಯವನು, ಭಾರ ಎತ್ತಿಸುತ್ತಿರಲಿಲ್ಲ.

ಹಚ್ಚಿದ ಚರ್ಮಕ್ಕೆ ಒಂದು ಹಟ ಇರುತ್ತದೆ. ಅದನ್ನು ದಿನವೂ ಎಳೆದು ಹಿಗ್ಗಿಸುತ್ತಿರಬೇಕು. ಬಿಟ್ಟರೆ ಬಿಸಿಲಿಗೆ ಒಣಗಿದ ಚರ್ಮದ ಹಾಗೆ ಮುದುಡಿ ಬಿಗಿಯುತ್ತದೆ, ಆಮೇಲೆ ಮೊಣಕಾಲು ಮಡಚಲು ಬಿಡುವುದಿಲ್ಲ. "ನಡೀಬೇಕು, ಸಮತಟ್ಟು ರಸ್ತೆಯಲ್ಲಿ ಅಲ್ಲ, ಏರಿನಲ್ಲಿ, ಇಳಿಜಾರಿನಲ್ಲಿ" ಎಂದು ನಮ್ಮ ಆಸ್ಪತ್ರೆಯ ಸರ್ಜನ್ ಹೇಳಿದ್ದರು. ಏರಿಗೆ ಆ ಊರಿನಲ್ಲಿ ಏನು ಬರ? ಸುತ್ತಲೂ ಬೆಟ್ಟ. ಸೌದಿ ಎಂದರೆ ಮರಳು ಎಂದುಕೊಂಡವರು ಜುಲೈಯಲ್ಲಿ ಅಲ್ಲಿಗೆ ಬರಬೇಕು. ಮಧ್ಯಾಹ್ನ ಕಳೆಯುತ್ತಲೇ ಮೋಡ ಕೆಳಗಿನ ತಿಹಾಮ ಎಂಬ ತಗ್ಗುನಾಡಿನ ಕಣಿವೆಗಳಿಂದ ಎದ್ದು ರಸ್ತೆಯ ಮೇಲೆಯೇ ನಡೆದು ಬರುತ್ತದೆ. ಅರಾರ್ ಮರಗಳ ಎಲೆಯಿಂದ ನೀರು ತೊಟ್ಟಿಕ್ಕುತ್ತದೆ. ಕಲ್ಲು ಕಟ್ಟಿದ ಸಣ್ಣ ಸಣ್ಣ ಗದ್ದೆಗಳಲ್ಲಿ ಜೋಳ ನಿಂತಿರುತ್ತದೆ, ಕೋತಿಗಳು ಕಾರಿನ ಬಾನೆಟ್ಟಿನ ಮೇಲೆ ಕೂತು ನಮ್ಮನ್ನೇ ದಿಟ್ಟಿಸುತ್ತವೆ.

ತೊಂದರೆ ಇದ್ದದ್ದು ಪ್ಯಾಂಟಿನಿಂದ. ಎಷ್ಟು ಮೆದು ಬಟ್ಟೆಯದ್ದು ತಂದರೂ ಅದರ ಹೊಲಿಗೆ ತೊಡೆಯ ಒಳಬದಿಗೆ ಉಜ್ಜುತ್ತಿತ್ತು. ಹೊಸ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳು. ಮನೆಯಲ್ಲಿ ಅವರು ಲುಂಗಿ ಉಟ್ಟೇ ಇರುತ್ತಿದ್ದರು, ಆಗ ಏನೂ ಆಗುತ್ತಿರಲಿಲ್ಲ.

ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ ನಡೆಯಲು ಹೋಗುವ ಒಂದು ಗುಂಪಿತ್ತು. ಹೆಚ್ಚಿನವರು ಭಾರತದವರು, ಡಾಕ್ಟರುಗಳು, ಎಂಜಿನಿಯರುಗಳು, ಇಂಡಿಯನ್ ಸ್ಕೂಲಿನ ಮಕ್ಕಳ ಅಪ್ಪ ಅಮ್ಮಂದಿರು. ಅದರ ಮುಖ್ಯಸ್ಥ ಮಾಥುರ್ ಸಾಹೇಬರು, ನಮ್ಮ ಆಸ್ಪತ್ರೆಯ ಆಡಳಿತದಲ್ಲಿ ದೊಡ್ಡ ಹುದ್ದೆಯವರು. ನನ್ನ ರಜೆಯ ಅರ್ಜಿಗೂ ಅವರ ಸಹಿಯೇ ಬೀಳಬೇಕು. ದಾರಿ ಬಲ್ಲವರ ಜೊತೆ ನಡೆಯುವುದು ಒಳ್ಳೆಯದೆಂದು ನಾವೂ ಸೇರಿದೆವು. ಕಾರು ಓಡಿಸುವವಳು ನಾನೇ. ಬ್ರೇಕು ಒತ್ತಿದಾಗೆಲ್ಲ ಜಯಕರ್‌ಗೆ ಮೊಣಕಾಲು ಎಳೆಯುತ್ತಿತ್ತು.

ಮೊದಲ ಶುಕ್ರವಾರ ಅವರು ಸಡಿಲವಾದ ಟ್ರ್ಯಾಕ್ ಪ್ಯಾಂಟು ಹಾಕಿದ್ದರು. ಅಂದೇ ನಾವು ಕ್ಯಾಲಮ್‌ನನ್ನು ನೋಡಿದ್ದು. ಸ್ಕಾಟ್ಲೆಂಡಿನವನು, ವಿಮಾನ ರಿಪೇರಿಯ ಎಂಜಿನಿಯರ್, ಕೆಂಪು ಗಡ್ಡ. ಅವನು ಕಾರಿನಿಂದ ಇಳಿದದ್ದೇ ತಡ, ಗುಂಪಿನಲ್ಲಿ ಹೋ ಎಂದು ಸಂಭ್ರಮ ಎದ್ದಿತು. ಹಸಿರು ನೀಲಿ ಚೌಕಳಿಯ ಕಿಲ್ಟ್ ಉಟ್ಟಿದ್ದ. ಹೆಂಗಸರು, ಮಕ್ಕಳು, ಡಾಕ್ಟರುಗಳು ಎಲ್ಲರೂ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮಾಥುರ್ ಸಾಹೇಬರು ಆ ಚೌಕಳಿ ಯಾವ ಮನೆತನದ್ದು, ಅಜ್ಜನ ಕಾಲದ್ದೇ ಎಂದೆಲ್ಲ ಕೇಳಿ ತಲೆದೂಗಿದರು. ಕ್ಯಾಲಮ್ ಸಂಕೋಚದ ಮನುಷ್ಯ. "ನಮ್ಮೂರ ಗುಡ್ಡಗಳಲ್ಲಿ ಇದೇ ಸುಖ. ತೊರೆ ದಾಟಿದರೆ ಒದ್ದೆ ಪ್ಯಾಂಟು ಕಾಲಿಗೆ ಅಂಟುವ ಕಾಟ ಇಲ್ಲ, ಎಲ್ಲಿಯೂ ಉಜ್ಜುವುದಿಲ್ಲ" ಎಂದ. ಉಜ್ಜುವುದಿಲ್ಲ ಎಂಬ ಮಾತಿಗೆ ಜಯಕರ್ ತಲೆಯೆತ್ತಿ ಅವನ ಕಿಲ್ಟನ್ನು ಸ್ವಲ್ಪ ಹೊತ್ತು ನೋಡಿದರು.

ಮನೆಗೆ ಬಂದು ಪ್ಯಾಂಟು ಕಳಚುವಾಗ ಬಟ್ಟೆ ಚರ್ಮಕ್ಕೆ ಅಂಟಿತ್ತು. ನೀರು ಹಾಕಿ ಹಾಕಿ ಬಿಡಿಸಿದೆ. ರಕ್ತ ಕಂಡರೆ ನನಗೇನೂ ಆಗುವುದಿಲ್ಲ, ಅದೇ ನನ್ನ ಕೆಲಸ. ಆದರೆ ಆ ದಿನ ಬೇಸಿನ್ನಿನ ನೀರು ಕೆಂಪಾದದ್ದನ್ನು ನೋಡಲಾಗದೆ ಬೇಗ ಚೆಲ್ಲಿ ಬಂದೆ.

"ಆ ಬಿಳಿಯ ಉಟ್ಟದ್ದು ನೋಡಿದ್ಯಾ?" ಎಂದರು ಜಯಕರ್, ನೋವು ತಡೆಯುತ್ತಾ. "ನಮ್ಮ ಲುಂಗಿಯೇ ಅಲ್ವಾ ಅದು? ಬರುವ ವಾರ ನಾನು ಲುಂಗಿ ಉಟ್ಟೇ ಬರುದು."

"ಜನ ಎಂತ ಹೇಳ್ತಾರೋ."

"ಎಂತ ಹೇಳುದು? ಅವನಿಗೆ ಆಗ್ತದೆ, ನನಗೆ ಆಗುದಿಲ್ವಾ?"

ಅಷ್ಟು ಸರಳವಾಗಿ ಹೇಳಿದರು. ಅವರ ಸ್ವಭಾವವೇ ಹಾಗೆ. ಲೋಕ ನೇರವಾಗಿಯೇ ಇರುತ್ತದೆ ಎಂಬ ನಂಬಿಕೆ.

ಮರುವಾರ ಒಳಗೆ ಮೆದು ಹತ್ತಿಯ ಪಟ್ಟಿ ಸುತ್ತಿ, ಅದರ ಮೇಲೆ ಸಡಿಲ ಚಡ್ಡಿ ಹಾಕಿ, ನೀಲಿ ಚೌಕಳಿಯ ದಪ್ಪ ಲುಂಗಿ ಉಟ್ಟು, ಬೆಲ್ಟು ಬಿಗಿದು, ಬೂಟು ಹಾಕಿ ಹೊರಟರು. ಕ್ಯಾಲಮ್‌ನ ಮೊಣಕಾಲು ಕಾಣುತ್ತಿತ್ತು, ಇವರದ್ದು ಕಾಣುತ್ತಿರಲಿಲ್ಲ. ಮೀನಖಂಡದ ಕೆಳಗಿನವರೆಗೆ ಬಟ್ಟೆ ಇತ್ತು. ಆ ಮಾತನ್ನು ಈಗಲೂ ಒತ್ತಿ ಹೇಳುತ್ತೇನೆ. ಮಾಥುರ್ ಸಾಹೇಬರು ಮೊದಲು ಎತ್ತಿದ್ದೇ ಮಾನ ಮರ್ಯಾದೆಯ ಮಾತು.

ನನ್ನನ್ನು ಕಾರುಗಳ ಮರೆಗೆ ಕರೆದು, ತಗ್ಗಿದ ದನಿಯಲ್ಲಿ, "ಸಿಸ್ಟರ್, ಯೇ ಕ್ಯಾ ಹೈ?" ಎಂದರು.

"ಲುಂಗಿ, ಸರ್."

"ಅದು ಗೊತ್ತು. ಇಲ್ಲಿ ಫ್ಯಾಮಿಲಿಗಳಿವೆ, ಫಾರಿನರ್ಸ್ ಇದ್ದಾರೆ. ಇದು ಮಲಗುವಾಗ ಉಡುವ ಬಟ್ಟೆ. ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆ? ಲೇಬರ್ ಕ್ಯಾಂಪಿನಿಂದ ಬಂದವರು ಅಂತ."

"ಕ್ಯಾಲಮ್ ಉಟ್ಟದ್ದು?"

"ಅದು ಅವರ ರಾಷ್ಟ್ರೀಯ ಉಡುಪು. ಎರಡಕ್ಕೂ ಹೋಲಿಕೆ ಮಾಡಬೇಡಿ. ಇವತ್ತು ಬಂದಾಗಿದೆ, ಇರಲಿ. ಹಿಂದೆ ನಡೆಯಲಿ, ಗ್ರೂಪ್ ಫೋಟೋದಲ್ಲಿ ಮಾತ್ರ ಬೇಡ."

ಬೆಂದ ತೊಡೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಯಾರಿಗೂ ಹೇಳಬಾರದೆಂದು ಜಯಕರ್ ನನ್ನಿಂದ ಮಾತು ತೆಗೆದುಕೊಂಡಿದ್ದರು. ಕಂಡಕಂಡವರ 'ಅಯ್ಯೋ ಪಾಪ' ಅವರಿಗೆ ಬೇಡವಾಗಿತ್ತು. ನುಂಗಿಕೊಂಡೆ. ಮಾಥುರ್ ಸಾಹೇಬರು ದನಿಯನ್ನು ಅಷ್ಟೇನೂ ತಗ್ಗಿಸಿರಲಿಲ್ಲ. ಕಾರಿನ ಆಚೆ ಬದಿಯಲ್ಲಿ ಶೂ ದಾರ ಕಟ್ಟುತ್ತಿದ್ದ ಸಾನ್ವಿ ತಲೆ ತಗ್ಗಿಸಿಕೊಂಡೇ ಎದ್ದು ತನ್ನ ಗೆಳತಿಯರ ಗುಂಪಿಗೆ ಸೇರಿಕೊಂಡಳು. ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ.

ಆ ದಿನದ ದಾರಿ ಬೆಟ್ಟದ ಅಂಚಿನಿಂದ ತಿಹಾಮದ ಕಡೆಗೆ ಇಳಿಯುವ ಹಳೆಯ ಕತ್ತೆಗಳ ದಾರಿ. ಕೆಳಗಿನ ಹಳ್ಳಿಯ ಮುದುಕರೊಬ್ಬರು ಎದುರಾದರು. ಸೊಂಟಕ್ಕೆ ಅಡ್ಡಗೆರೆಯ ಬಟ್ಟೆ ಸುತ್ತಿದ್ದರು, ಮೊಣಕಾಲಿನ ಕೆಳಗಿನವರೆಗೆ. ಆ ಬದಿಯ ಹಳ್ಳಿಗಳಲ್ಲಿ ಗಂಡಸರು ಉಡುವುದೇ ಅದನ್ನು. ತಲೆಗೆ ಕಾಮಕಸ್ತೂರಿ ಮತ್ತು ಹಳದಿ ಹೂವಿನ ದಂಡೆ. ಮಾಥುರ್ ಸಾಹೇಬರಿಗೆ ಸ್ವರ್ಗವೇ ಸಿಕ್ಕಂತಾಯಿತು. "ವಾಹ್, ಎಷ್ಟು ಒರಿಜಿನಲ್!" ಎನ್ನುತ್ತಾ ಮುದುಕರನ್ನು ನಡುವೆ ನಿಲ್ಲಿಸಿ, ಒಂದು ಬದಿಗೆ ಕ್ಯಾಲಮ್‌ನನ್ನು ನಿಲ್ಲಿಸಿ, ಇನ್ನೊಂದು ಬದಿಗೆ ತಾವು ನಿಂತರು. ಆಮೇಲೆ ಹಿಂದೆ ನಿಂತಿದ್ದ ಜಯಕರ್ ಕಡೆಗೆ ತಮ್ಮ ಫೋನು ಚಾಚಿ, "ಜಯಕರ್, ಜರಾ ಫೋಟೋ ಲೇನಾ" ಎಂದರು.

ಬಟ್ಟೆ ಸುತ್ತಿದ ಮೂವರು ಗಂಡಸರಿದ್ದರು ಅಲ್ಲಿ. ಇಬ್ಬರು ಫೋಟೋದೊಳಗೆ. ಒಬ್ಬ ಫೋಟೋ ತೆಗೆಯಲು. ಜಯಕರ್ ತೆಗೆದುಕೊಟ್ಟರು, ಚೆನ್ನಾಗಿ ಬಂದಿದೆಯೇ ನೋಡಿ ಎಂದೂ ಹೇಳಿದರು. ಮುದುಕರು ಹೋಗುವಾಗ ಇವರ ಬಳಿ ನಿಂತು ಲುಂಗಿಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿ, "ಮಿನ್ ವೈನ್?" ಎಂದರು, ಎಲ್ಲಿಯದಿದು ಎಂದು. "ಹಿಂದ್" ಎಂದರು ಜಯಕರ್. ಮುದುಕರು ಒಳ್ಳೆಯ ಬಟ್ಟೆ ಎಂಬಂತೆ ತಲೆಯಾಡಿಸಿ ಹತ್ತುತ್ತಾ ಹೋದರು. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಅದೇ ಸಂಜೆ ಗುಂಪಿನ ವಾಟ್ಸ್ಯಾಪಿಗೆ ನಿಯಮ ಬಂತು. ನಡಿಗೆಗೆ ಬರುವವರು ಯೋಗ್ಯವಾದ ಹೊರಾಂಗಣ ಉಡುಪು ಧರಿಸಬೇಕು; ಲುಂಗಿ ಮತ್ತು ಮನೆಯೊಳಗಿನ ಬಟ್ಟೆಗಳಿಗೆ ಅವಕಾಶವಿಲ್ಲ; ಇಲ್ಲಿಯ ಕಾನೂನನ್ನು ಗೌರವಿಸೋಣ. ಕೆಳಗೆ ಸಾಲು ಸಾಲು ಹೆಬ್ಬೆರಳು. ನಮ್ಮ ಮನೆಗೆ ಬಂದು ನನ್ನ ಕೈಯ ನೀರುದೋಸೆ ತಿಂದು ಹೋದವರ ಹೆಬ್ಬೆರಳೂ ಅದರಲ್ಲಿತ್ತು. ತಮ್ಮ ಮನೆಯೊಳಗೆ ಲುಂಗಿ ಉಟ್ಟೇ ಕೂತಿದ್ದವರ ಹೆಬ್ಬೆರಳು!

ಕ್ಯಾಲಮ್‌ನನ್ನು ನಾನು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಹಿಡಿದೆ. "ನೀನೊಂದು ಮಾತು ಹೇಳಿದರೆ ಕೇಳುತ್ತಾರೆ" ಎಂದೆ. ಅವನ ಮುಖ ಗಡ್ಡದಷ್ಟೇ ಕೆಂಪಾಯಿತು. "ನನಗೆ ನಿಜಕ್ಕೂ ಬೇಸರವಾಗಿದೆ, ಆದರೆ ಇದು ನಿಮ್ಮ ನಿಮ್ಮೊಳಗಿನ ವಿಷಯ. ನಾನು ಹೊರಗಿನವನು" ಎಂದ. ಕೆಟ್ಟವನಲ್ಲ ಅವನು. ಆದರೆ ಬಾಯಿ ಬಿಡಬೇಕಾದ ಹೊತ್ತಿಗೆ ಹೊರಗಿನವನಾಗುವ ಒಳ್ಳೆಯವರ ಮೇಲೆ ನನಗೆ ಸಿಟ್ಟು ಇನ್ನೂ ಹೆಚ್ಚು.

ಮುಂದಿನ ಶುಕ್ರವಾರ ಜಯಕರ್ ಏಳಲಿಲ್ಲ. "ನಾವೇ ಹೋಗುವ, ಬನ್ನಿ" ಎಂದೆ. ಲುಂಗಿಯನ್ನು ಅವರ ಕೈಗೆ ಕೊಟ್ಟೆ. ಅಷ್ಟರಲ್ಲಿ ಸಾನ್ವಿ ಕೋಣೆಯ ಬಾಗಿಲಿಗೆ ಬಂದಳು.

"ಪಪ್ಪಾ, ಪ್ಲೀಸ್. ದಾರಿಯಲ್ಲಿ ಅವರೆಲ್ಲ ಸಿಗ್ತಾರೆ. ನನ್ನ ಕ್ಲಾಸಲ್ಲಿ ಆಲ್ರೆಡಿ 'ಲುಂಗಿ ಅಂಕಲ್' ಅಂತ ಹೇಳ್ತಿದ್ದಾರೆ."

ಕೈಯೆತ್ತಿ ಹೊಡೆಯಬೇಕೆನಿಸಿತು. ಜಯಕರ್ ನನ್ನ ಮುಂದೆ ಬಂದು ನಿಂತರು. "ಅವಳಿಗೆ ಬೈಬೇಡ. ಅವಳು ಎಂತ ಮಾಡುದು? ಅಲ್ಲಿಯೇ ಕೂತು ಓದ್ಬೇಕಲ್ಲ ಅವಳು" ಎಂದು ಲುಂಗಿಯನ್ನು ಮಡಚಿ ಕಪಾಟಿನಲ್ಲಿಟ್ಟರು. "ವರ್ಕ್‌ಶಾಪಲ್ಲಿ ಅಷ್ಟಿಷ್ಟು ನಡಿಲಿಕ್ಕೆ ಇರ್ತದೆ, ಸಾಕು" ಎಂದರು.

ಸಾಕಾಗಲಿಲ್ಲ. ಆಗಸ್ಟ್ ತಿಂಗಳಿಡೀ ಮಳೆ ಬಂತು, ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿತು, ಅವರು ಟಿವಿಯ ಮುಂದೆ ಕಾಲು ಚಾಚಿ ಕೂತರು. ನಾನು ದಿನವೂ ಕೋಣೆಯ ಬಾಗಿಲು ಹಾಕಿಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ನನ್ನ ಬೆರಳಿನ ಕೆಳಗೆ ಆ ಚರ್ಮ ಹಗ್ಗದಂತೆ ಹುರಿಗಟ್ಟುತ್ತಿರುವುದು ಗೊತ್ತಾಗುತ್ತಿತ್ತು. ಒಂದು ದಿನ ಕೆಳಗೆ ಬಿದ್ದ ಸ್ಪ್ಯಾನರ್ ಎತ್ತಲು ಬಗ್ಗಿದವರು ಕಾಲು ಮಡಚಲಾಗದೆ ಹಾಗೆಯೇ ಪಕ್ಕಕ್ಕೆ ಉರುಳಿದರಂತೆ. ಜೊತೆಯವರು ಎತ್ತಿ ಕೂರಿಸಿದರಂತೆ. ಸರ್ಜನ್ ಮೊಣಕಾಲು ಹಿಡಿದು ಮಡಚಿ ನೋಡಿ ನನ್ನತ್ತ ತಿರುಗಿದರು. "ಸಿಸ್ಟರ್, ನೀವು ನರ್ಸ್. ನಡಿಗೆ ಯಾಕೆ ನಿಲ್ಲಿಸಿದ್ರಿ? ಹೀಗೇ ಬಿಟ್ಟರೆ ಮತ್ತೆ ಕತ್ತರಿಸಿ ಹಚ್ಚಬೇಕಾಗ್ತದೆ."

ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿಕೊಂಡು, ಬಾಯಿಗೆ ದುಪಟ್ಟಾ ತುರುಕಿಕೊಂಡು ನಾನು ಅತ್ತದ್ದು ದುಃಖದಿಂದಲ್ಲ. ಕೈಯಲ್ಲಿ ಏನಾದರೂ ಸಿಕ್ಕಿದ್ದರೆ ಎಸೆದು ಒಡೆಯುತ್ತಿದ್ದೆ. ಕಣ್ಣೊರೆಸಿಕೊಂಡು ನೇರ ಮಾಥುರ್ ಸಾಹೇಬರ ಕೋಣೆಗೆ ಹೋದೆ. ಕೂರಿ ಎಂದರು. ಕೂರಲಿಲ್ಲ. ಜಯಕರ್‌ಗೆ ಕೊಟ್ಟ ಮಾತನ್ನು ಮುರಿದು ಎಲ್ಲವನ್ನೂ ಹೇಳಿದೆ: ಹಬೆ, ತೊಡೆ, ಹಚ್ಚಿದ ಚರ್ಮ, ಪ್ಯಾಂಟಿಗೆ ಅಂಟಿದ ರಕ್ತ, ಇನ್ನೊಂದು ಸಲ ಕತ್ತರಿಸಬೇಕಾಗಬಹುದಾದ ಸಂಗತಿ. "ನಿಮ್ಮ ನಿಯಮದಿಂದ ಇಷ್ಟಾಯಿತು ಸರ್" ಎಂದೆ. ಹೇಳಿದ್ದು ತಪ್ಪು ಎಂದು ನನಗೆ ಇಂದಿಗೂ ಅನಿಸುವುದಿಲ್ಲ.

ಅವರ ಮುಖ ಬೆಣ್ಣೆಯಾಯಿತು. "ಅರೆ! ಮೊದಲೇ ಹೇಳಬಾರದಿತ್ತೇ ಸಿಸ್ಟರ್? ಮೆಡಿಕಲ್ ಕೇಸ್ ಅಂದರೆ ವಿಷಯವೇ ಬೇರೆ. ಶುಕ್ರವಾರ ಕರೆದುಕೊಂಡು ಬನ್ನಿ. ನಾನು ನೋಡಿಕೊಳ್ಳುತ್ತೇನೆ." ಟಿಶ್ಯೂ ಡಬ್ಬಿ ನನ್ನ ಕಡೆಗೆ ಸರಿಸಿದರು. ಟಿಶ್ಯೂ ಮುಟ್ಟಲಿಲ್ಲ, ಆದರೆ ಆ ಮಾತು ಹಿಡಿದುಕೊಂಡು ಮನೆಗೆ ಬಂದೆ. ಸಾಹೇಬರು ಒಪ್ಪಿದ್ದಾರೆ ಎಂದಷ್ಟೇ ಜಯಕರ್‌ಗೆ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಎಲ್ಲರೂ ಕಾರುಗಳ ಬಳಿ ಸೇರಿದ್ದರು, ಕ್ಯಾಲಮ್ ಕಿಲ್ಟಿನಲ್ಲಿ ನೀರಿನ ಬಾಟಲಿ ತುಂಬುತ್ತಿದ್ದ. ಜಯಕರ್ ಲುಂಗಿಯ ಬೆಲ್ಟು ಸರಿಮಾಡಿಕೊಳ್ಳುತ್ತಾ ಇಳಿದರು. ಸಾನ್ವಿ ಗಾಜು ಇಳಿಸಿಕೊಂಡು ಕಾರಿನಲ್ಲೇ ಕೂತಳು. ಮಾಥುರ್ ಸಾಹೇಬರು ಕೈ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ಜಯಕರ್ ಅವರ ಹೆಗಲ ಮೇಲೆ ತಮ್ಮ ಕೈ ಹಾಕಿದರು.

"ಫ್ರೆಂಡ್ಸ್, ನಮ್ಮ ಈ ಸಹೋದರನಿಗೆ ಪಾಪ ಒಂದು ದೊಡ್ಡ ಆಕ್ಸಿಡೆಂಟ್ ಆಗಿದೆ. ಎರಡೂ ತೊಡೆ ಸುಟ್ಟಿವೆ. ಹಾಗಾಗಿ ಇವರೊಬ್ಬರಿಗೆ ನಾವು ಸ್ಪೆಷಲ್ ಪರ್ಮಿಷನ್ ಕೊಡುತ್ತಿದ್ದೇವೆ. ಯಾರೂ ತಪ್ಪು ತಿಳಿಯಬೇಡಿ."

ಯಾರೋ ಒಬ್ಬರು ಚಪ್ಪಾಳೆ ಹೊಡೆದರು. ಉಳಿದವರೂ ಹೊಡೆದರು. ಎಲ್ಲರ ಕಣ್ಣು ಆ ಲುಂಗಿಯ ಮೇಲೆ, ಅದರೊಳಗೆ ಏನಿದೆ ಎಂದು ನೋಡುವಂತೆ.

ನಮ್ಮ ಮದುವೆಯಾದ ಮೇಲೆ ಜಯಕರ್ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ಎತ್ತಲಿಲ್ಲ. ಹೆಗಲ ಮೇಲಿನ ಕೈಯನ್ನು ತೆಗೆದು ಕೆಳಗಿಟ್ಟರು. ಅವರ ಹಿಂದಿ ಒರಟು, ಆದರೆ ಎಲ್ಲರಿಗೂ ಕೇಳಿಸಿತು.

"ಸಾರ್, ಕ್ಯಾಲಮ್ ಸಾರ್ ಕಾಲಿಗೆ ಎಂತ ಆಗಿದೆ?"

ಮಾಥುರ್ ಸಾಹೇಬರಿಗೆ ಅರ್ಥವಾಗಲಿಲ್ಲ. "ಏನೂ ಆಗಿಲ್ಲವಲ್ಲ?"

"ಹಾಗಾದ್ರೆ ಅವರಿಗೆ ಪರ್ಮಿಷನ್ ಕೊಟ್ಟದ್ದು ಯಾರು? ನನ್ನ ಅಪ್ಪ ಇದನ್ನೇ ಉಟ್ಟು ಸಮುದ್ರಕ್ಕೆ ಹೋದದ್ದು. ಅಜ್ಜನೂ ಇದನ್ನೇ ಉಟ್ಟದ್ದು. ಯಾರ ತೊಡೆಯೂ ಸುಟ್ಟಿರಲಿಲ್ಲ. ನನ್ನ ಗಾಯ ನೋಡಿ ನೀವು ಲುಂಗಿ ಉಡ್ಲಿಕ್ಕೆ ಬಿಡುದಾದ್ರೆ ಆ ಪರ್ಮಿಷನ್ ನನಗೆ ಬೇಡ."

ಕ್ಯಾಲಮ್ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ಮಾಥುರ್ ಸಾಹೇಬರು, "ನೋಡಿ, ಒಳ್ಳೆಯದು ಮಾಡಲು ಹೋದರೆ..." ಎಂದು ಬೇರೆಯವರ ಕಡೆಗೆ ತಿರುಗಿದರು. ಜಯಕರ್ ನಮ್ಮ ಕಾರಿಗೆ ಬಂದು ಕೂತು, "ವಿನಯಾ, ಬೇರೆ ದಾರಿಗೆ ಬಿಡು" ಎಂದರು. ನಾನು ಕಾರು ತಿರುಗಿಸಿದೆ. ಸ್ವಲ್ಪ ದೂರ ಹೋದ ಮೇಲೆ ನನಗೂ ಬೈಗುಳ ಬಿತ್ತು. "ನಾನು ಬೇಡ ಅಂತ ಹೇಳಿದ್ದಲ್ವಾ? ಯಾಕೆ ಹೋಗಿ ಹೇಳಿದ್ದು ನೀನು?"

"ನಿಮ್ಮ ಕಾಲು ಮತ್ತೆ ಕತ್ತರಿಸುವಾಗ ನೋಡುವವಳು ನಾನು. ಅದಕ್ಕೆ."

ಹಿಂದಿನ ಸೀಟಿನಿಂದ ಸಾನ್ವಿ ಮೆಲ್ಲಗೆ, "ಪಪ್ಪಾ, ನಿಮಗೆ ಅಷ್ಟು ಸುಟ್ಟಿದೆ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು. ಅಲ್ ಖರ್ಜ್‌ನಲ್ಲಿ ಸ್ವಲ್ಪ ಪೆಟ್ಟಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದೆವು. ಜಯಕರ್ ತಿರುಗಿ ನೋಡಿ, "ಸುಡದಿದ್ರೂ ನಾನು ಇದನ್ನೇ ಉಡುದು ಮಗಾ" ಎಂದರು. ಆ ದಿನ ನಾವು ನಿಲ್ಲಿಸಿದ ಕಡೆ ಅವಳೂ ಇಳಿದು ನಡೆದಳು. ಅಪ್ಪನ ಮುಂದೆ ಓಡಲಿಲ್ಲ, ಪಕ್ಕದಲ್ಲೂ ನಡೆಯಲಿಲ್ಲ. ಸ್ವಲ್ಪ ಹಿಂದೆ ನಡೆದಳು. ಅದು ಅವಳ ಲೆಕ್ಕಾಚಾರ, ನಾನು ಕೇಳಲು ಹೋಗಲಿಲ್ಲ.

ಗುಂಪಿನಿಂದ ನಮ್ಮನ್ನು ಯಾರೂ ತೆಗೆಯಲಿಲ್ಲ, ನಾವೇ ಹೊರಬಂದೆವು. ಆಸ್ಪತ್ರೆಯಲ್ಲಿ ಮಾಥುರ್ ಸಾಹೇಬರು ನನ್ನೊಡನೆ ಬಹಳ ಮೃದುವಾಗಿ ಮಾತಾಡತೊಡಗಿದರು. ಅದೇ ನನಗೆ ಸಹಿಸಲು ಕಷ್ಟವಾಗುತ್ತಿತ್ತು. ಮಳೆ ನಿಂತು ಅರಾರ್ ಕಾಡಿನಲ್ಲಿ ಬೆಳಗಿನ ಚಳಿ ಶುರುವಾಯಿತು. ವಾರದಲ್ಲಿ ಬಿಡುವು ಸಿಕ್ಕಿದಾಗಲೆಲ್ಲ ನಾವು ಮೂವರೂ ಹೋಗುತ್ತಿದ್ದೆವು, ದಾರಿ ತಪ್ಪದಷ್ಟೇ ದೂರ. ಮೊದಮೊದಲು ಜಯಕರ್ ಪ್ರತಿ ಇಳಿಜಾರಿನಲ್ಲೂ ಹಲ್ಲು ಕಚ್ಚುತ್ತಿದ್ದರು. ನಾನು ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದು ಇಳಿಸುತ್ತಿದ್ದೆ. ಬೈದದ್ದು ಅವರನ್ನಲ್ಲ ಎಂದು ಅವರಿಗೂ ಗೊತ್ತಿತ್ತು.

ಆ ದಿನಗಳ ಕೊನೆಗೆ ಒಂದು ಬೆಳಿಗ್ಗೆ, ರಸ್ತೆಯ ಕೆಳಗಿನ ತೊರೆಯ ಬಳಿ ನಿಂತಿದ್ದೆವು. ಮಳೆಯ ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು. ಜಯಕರ್ ಲುಂಗಿಯನ್ನು ತೊಡೆಗಳ ನಡುವೆ ಒತ್ತರಿಸಿಕೊಂಡು, ಒಂದು ಕೈ ಬಂಡೆಗೆ ಊರಿ, ನಿಧಾನವಾಗಿ ಕೆಳಗೆ ಹೋದರು. ನಾನು ಹಿಡಿಯಲು ಮುಂದಾದೆ. ಬೇಡ ಎಂದು ಕೈಯಾಡಿಸಿದರು. ಹೋದರು, ಇನ್ನೂ ಹೋದರು, ಪೂರ್ತಿ ಕುಕ್ಕರಗಾಲಿನಲ್ಲಿ ಕೂತೇ ಬಿಟ್ಟರು. ಬೆಂದ ಮೇಲೆ ಅದೇ ಮೊದಲು. ಎರಡೂ ಕೈಯಲ್ಲಿ ನೀರು ಮೊಗೆದು ಮುಖಕ್ಕೆ ಎರಚಿಕೊಂಡು, "ನೋಡು, ಕೂತೆ!" ಎಂದರು. ಸಾನ್ವಿ ಹೋಗಿ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಹೌ ಲಾಂಗ್ ಕ್ಯಾನ್ ಯು ಸಿಟ್, ಪಪ್ಪಾ?" ಎಂದು ಕೇಳುತ್ತಿದ್ದಳು.

ಮೇಲಿನ ರಸ್ತೆಯಲ್ಲಿ ಆಗ ಸಾಲಾಗಿ ಕಾರುಗಳು ಹೋದವು. ಎಲ್ಲಕ್ಕಿಂತ ಮುಂದಿದ್ದ ಕಾರು ಯಾರದೆಂದು ನಾನು ಬಲ್ಲೆ. ಅದರ ಗಾಜು ಇಳಿಯಿತು. ಮಾಥುರ್ ಸಾಹೇಬರು ಕೆಳಗೆ ನೋಡಿ, ಬಹಳ ಸಂತೋಷವಾಯಿತು ಎಂಬಂತೆ ದೊಡ್ಡದಾಗಿ ಕೈ ಬೀಸಿದರು. ನಾನು ಅವರನ್ನೇ ನೋಡುತ್ತಾ ನಿಂತೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಎತ್ತಲಿಲ್ಲ.